ಅರಿಶಿನದ ಕೈ

ನಮ್ಮ ಓಣಿಯಲ್ಲಿ ಗುಟ್ಟು ಹೇಳಬಾರದ ಮನೆ ಯಾವುದು ಅಂತ ಕೇಳಿದರೆ ಚಿಕ್ಕ ಮಕ್ಕಳೂ ನನ್ನ ಮನೆಯನ್ನೇ ತೋರಿಸುತ್ತಾರೆ. ನಾನೇನೂ ಬೇಜಾರು ಮಾಡಿಕೊಳ್ಳುವುದಿಲ್ಲ. ಹಗಲೆಲ್ಲ ಕಿಟಕಿಯ ಪಕ್ಕ ಕೂತು ಅಂಗಿಗಳಿಗೆ ಗುಂಡಿ ಹೊಲಿಯುವವಳು ನಾನು. ಕಣ್ಣು, ಕೈ ಎರಡೂ ಸೂಜಿಯ ಮೇಲಿದ್ದಾಗ ಬಾಯಾದರೂ ಸುಮ್ಮನೆ ಏನು ಮಾಡಬೇಕು? ಆದರೆ ಒಂದು ಮಾತನ್ನು ಮಾತ್ರ ಇಪ್ಪತ್ತೆರಡು ವರ್ಷ ನುಂಗಿಕೊಂಡಿದ್ದೇನೆ. ಅದು ಪಕ್ಕದ ಮನೆಯ ಸುಗಿನಾಳ ಮಾತು. ಹೋದ ವರ್ಷ ಉಪವಾಸದ ತಿಂಗಳು ಶುರುವಾಗುವ ಮುಂಚೆ ಅವಳು ತೀರಿಕೊಂಡಳು. ಈ ವಿಷಯದಲ್ಲಿ ನನ್ನದೂ ಒಂದು ಪಾಲಿದೆ. ಅದನ್ನು ಅದರ ಜಾಗ ಬಂದಾಗ ಹೇಳುತ್ತೇನೆ, ಮುಚ್ಚಿಡುವುದಿಲ್ಲ.

ಸುಗಿನಾ ಕಷಾಯ ಮಾರುವವಳು. ನಮ್ಮ ಸೋಲೋ ಊರಿನಲ್ಲಿ ಕಷಾಯದ ಹೆಂಗಸರಿಗೆ ಬರವಿಲ್ಲ. ಎಲ್ಲರೂ ದಕ್ಷಿಣದ ಒಣಗುಡ್ಡಗಳ ಕಡೆಯಿಂದ ಬಂದವರೇ. ಇವಳೂ ಹದಿಮೂರನೇ ವಯಸ್ಸಿನಲ್ಲಿ ತಾಯಿಯ ಹಿಂದೆ ನಡೆದು ಬಂದಳು. ಬೆನ್ನ ಮೇಲೆ ಬಿದಿರು ಬುಟ್ಟಿ, ಬುಟ್ಟಿಯಲ್ಲಿ ಎಂಟು ಶೀಸೆ, ಭುಜದ ಮೇಲಿಂದ ಎಳೆದು ಎದೆಗೆ ಬಿಗಿದ ಪಟ್ಟೆ ಬಟ್ಟೆ, ಕೈಯಲ್ಲಿ ಲೋಟ ತೊಳೆಯುವ ಬಕೆಟ್ಟು. ಕಟ್ಟಡದ ಕೂಲಿಗಳಿಗೆ ಶುಂಠಿ, ಬಾಣಂತಿಯರಿಗೆ ವೀಳ್ಯದೆಲೆ, ಮಕ್ಕಳಿಗೆ ಅಕ್ಕಿ ನೆನೆಸಿ ಅರೆದು ಬೆಲ್ಲ ಹಾಕಿದ್ದು, ಹರೆಯದ ಹೆಣ್ಣುಗಳಿಗೆ ಅರಿಶಿನ ಮತ್ತು ಹುಣಿಸೆಯ ಹಳದಿ ಕಷಾಯ. ನಲವತ್ತು ವರ್ಷ ಅರಿಶಿನ ಹಿಂಡಿ ಹಿಂಡಿ ಅವಳ ಅಂಗೈ, ಉಗುರು ಎಲ್ಲ ಹಳದಿಯಾಗಿದ್ದವು. ಯಾವ ಸೋಪಿಗೂ ಅದು ಬಗ್ಗುತ್ತಿರಲಿಲ್ಲ.

ಮೊದಲು ಅವಳು ಇಷ್ಟು ಹೆದರುಪುಕ್ಕಲಿಯಾಗಿರಲಿಲ್ಲವಂತೆ. ಗಂಡ ಗಾರೆ ಕೆಲಸದವನು. ಮಗ ಗುನಾರ್ತೊಗೆ ಆರು ವರ್ಷವಾಗಿದ್ದಾಗ ಒಂದು ದಿನ ಏನೋ ಮುನಿಸು ಮಾಡಿಕೊಂಡು ಬೆಳಗಿನ ಶುಂಠಿ ಕಷಾಯ ಕುಡಿಯದೆ ಕೆಲಸಕ್ಕೆ ಹೋದ. ಹತ್ತು ಗಂಟೆಗೆ ಸಾರುವೆಯಿಂದ ಬಿದ್ದ. ಸುದ್ದಿ ಬಂದಾಗ ಸುಗಿನಾ ಇನ್ನೊಂದು ಬೀದಿಯಲ್ಲಿ ಲೋಟ ತೊಳೆಯುತ್ತಿದ್ದಳು. ಕೈಯಲ್ಲಿದ್ದ ಲೋಟ ತೊಳೆದು, ಒರೆಸಿ, ಬುಟ್ಟಿಯಲ್ಲಿಟ್ಟು ಆಮೇಲೆ ಹೊರಟಳಂತೆ. ಗಂಡ ಬಿದ್ದದ್ದು ಹಗ್ಗ ಬಿಚ್ಚಿದ್ದರಿಂದ ಅಂತ ಎಲ್ಲರೂ ಹೇಳಿದರು. ಇವಳ ತಲೆಯಲ್ಲಿ ಮಾತ್ರ ಅವನು ಆ ಲೋಟ ಕುಡಿಯದೆ ಹೋದದ್ದೇ ಕೂತುಬಿಟ್ಟಿತು. ಅಂದಿನಿಂದ ಅವಳ ಮನೆಯ ಹೊಸ್ತಿಲು ದಾಟುವವರು ಯಾರೇ ಇರಲಿ, ಅವರವರ ಲೋಟ ಖಾಲಿ ಮಾಡಿಯೇ ದಾಟಬೇಕು. ಮಗ ಸ್ಕೂಲಿಗೆ ಹೋಗುವಾಗಲೂ ಅಷ್ಟೇ, ದೊಡ್ಡವನಾಗಿ ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆದಮೇಲೂ ಅಷ್ಟೇ. ಒಲೆ ಆರಿಸಿದೆನಾ ಅಂತ ಮೂರು ಸಲ ಹಿಂದಿರುಗಿ ನೋಡುವಳು. ಮಗ ಬರುವುದು ಅರ್ಧ ಗಂಟೆ ತಡವಾದರೆ ನನ್ನ ಕಿಟಕಿಗೆ ಬಂದು, "ಮಾರ್ನಿ, ದೊಡ್ಡ ರಸ್ತೇಲಿ ಏನಾದ್ರೂ ಗಲಾಟೆ ಕೇಳಿಸ್ತೇನೇ?" ಅನ್ನುವಳು.

"ಕೇಳಿಸ್ತು. ಮೀನು ಮಾರೋನು ಕೂಗ್ತಿದ್ದ," ಅಂತ ನಾನು ರೇಗಿಸುವೆ.

"ನಿಂಗೇನಮ್ಮ, ಕಲ್ಲುಗುಂಡಿನ ಹಾಗಿದೀಯ. ಐವತ್ತಾದ್ರೂ ಮುಖ ನೋಡು, ಮದುವಣಗಿತ್ತಿ ಮುಖ! ಏನು ತಿಂತೀಯೋ ಏನೋ."

ಮಗನ ಮದುವೆಯಾಗಿ ಮೂರು ವರ್ಷವಾದ ಮೇಲಿನ ಈ ಮಾತನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ.

ಗುನಾರ್ತೊ ಮದುವೆಯಾಗಿ ಪುರ್ವಂತಿಯನ್ನು ಕರೆತಂದ. ಕ್ಲಾತೆನ್ ಕಡೆಯ ಹುಡುಗಿ, ಮೆತ್ತಗಿನ ಮಾತು, ಅತ್ತೆಯ ಎದುರು ಕೂರುವಾಗಲೂ ಬಗ್ಗಿ ಕೂರುವವಳು. ಮದುವೆಯಾದ ಮೂರನೆಯ ದಿನದಿಂದಲೇ ಸೊಸೆಗೂ ಒಂದು ಲೋಟ ನಿಗದಿಯಾಯಿತು, ಹಳದಿಯದು. ನಮ್ಮಲ್ಲಿ ಹೊಸ ಸೊಸೆಗೆ ಅದನ್ನು ಕೊಡದ ಅತ್ತೆಯೇ ಇಲ್ಲ. ಸುಗಿನಾ ನಸುಕಿನಲ್ಲಿ ಬುಟ್ಟಿ ಹೊತ್ತು ಹೊರಡುವ ಮುಂಚೆ ಅಡುಗೆಮನೆಯ ಕಟ್ಟೆಯ ಮೇಲೆ ಆ ಲೋಟ ಮುಚ್ಚಿಟ್ಟು ಹೋಗುವಳು, ಬರುವಷ್ಟರಲ್ಲಿ ಅದು ತೊಳೆದು ಬೋರಲಾಗಿರುತ್ತಿತ್ತು. "ನನ್ನ ಸೊಸೆ ಒಂದು ದಿನಾನೂ ತಪ್ಪಿಸಲ್ಲ," ಅಂತ ಓಣಿಗೆಲ್ಲ ಹೇಳಿಕೊಂಡು ತಿರುಗುವಳು.

ಮೊದಲ ವರ್ಷ ಒಂದು ಬಸಿರು ಹೋಯಿತು. ಎರಡನೆಯ ವರ್ಷದ ಕೊನೆಗೆ ಇನ್ನೊಂದು. ಎರಡೂ ಸಲ ನಿಂತದ್ದು ಯಾರಿಗೂ ಗೊತ್ತಾಗುವ ಮುಂಚೆಯೇ ಹೋದವು. ಎರಡನೆಯ ಸಲ ಪುರ್ವಂತಿ ಹನ್ನೊಂದು ದಿನ ಗೋಡೆ ನೋಡಿಕೊಂಡು ಮಲಗಿದ್ದಳು. ಆಗ ಗುನಾರ್ತೊ ತಾಯಿಗೆ ಹೇಳಿದ:

"ಅಮ್ಮ, ಇನ್ಮೇಲೆ ಅವಳ ಹತ್ರ ಆ ಮಾತು ಎತ್ತಬೇಡ. ಆಯ್ತಾ, ಇಲ್ವಾ, ಯಾವಾಗ, ಏನೂ ಕೇಳಬೇಡ. ನಿನ್ನ ಕಾಲಿಗೆ ಬೀಳ್ತೀನಿ."

ಸುಗಿನಾ ಒಪ್ಪಿದಳು. ಕೊಟ್ಟ ಮಾತನ್ನು ಉಳಿಸಿಕೊಂಡಳು ಕೂಡ. ಎಡವಟ್ಟಾದದ್ದು ಅಲ್ಲೇ.

ಯಾಕೆಂದರೆ ಕಷಾಯದವರಿಗೆ ಒಂದು ಕಟ್ಟಳೆಯಿದೆ. ಹರೆಯದ ಹೆಂಗಸಿಗೆ ಹಳದಿ ಬಗ್ಗಿಸುವ ಮುಂಚೆ ಕೇಳಲೇಬೇಕು. ಬಸಿರಿನ ಮೊದಲ ತಿಂಗಳುಗಳಲ್ಲಿ ಅದು ಕೂಡದು ಅಂತ ಅವರ ನಂಬಿಕೆ. ಸುಗಿನಾಳ ತಾಯಿ ಅವಳಿಗೆ ಮೊದಲು ಕಲಿಸಿದ್ದು ಅರೆಯುವುದನ್ನಲ್ಲ, ಇದನ್ನು ಕೇಳುವುದನ್ನು. ಬ್ಯಾಂಕಿನ ಗುಮಾಸ್ತೆಯಾಗಲಿ, ಬೀದಿಯಲ್ಲಿ ಹೋಗುವ ಅಪರಿಚಿತ ಹೆಣ್ಣಾಗಲಿ, ಸುಗಿನಾ ಶೀಸೆಯ ಬಿರಡೆಗೆ ಕೈಯಿಟ್ಟುಕೊಂಡು, "ಮುಟ್ಟು ನಿಂತಿಲ್ಲ ತಾನೇ, ಮಗಳೇ?" ಅಂತ ಕೇಳಿಯೇ ಬಗ್ಗಿಸುವಳು. ನಾಚಿಕೊಂಡರೆ ಬಗ್ಗಿಸುತ್ತಿರಲಿಲ್ಲ. ಊರಿಗೆಲ್ಲ ಕೇಳಿದವಳು ತನ್ನ ಮನೆಯಲ್ಲಿ ಮಾತ್ರ ಕೇಳದೆ ಬಗ್ಗಿಸುತ್ತಾ ಹೋದಳು.

ಮದುವೆಯ ನಾಲ್ಕನೆಯ ವರ್ಷ, ಮಾವಿನ ಮಿಡಿ ಬಿಡುವ ಕಾಲ. ಆರೋಗ್ಯ ಕೇಂದ್ರದ ನರ್ಸಮ್ಮ ಸುಗಿನಾಳ ಖಾಯಂ ಗಿರಾಕಿ. ಶುಂಠಿ ಕಷಾಯಕ್ಕೆ ಲೋಟ ಒಡ್ಡುತ್ತಾ ಆಕೆ ನಗುನಗುತ್ತಾ ಅಂದಳು: "ಏನು ಅಕ್ಕಾ, ಬಾಯಿ ಬಿಡ್ತಾನೇ ಇಲ್ಲ? ಸೊಸೆಗೆ ಮೂರು ತುಂಬಿ ನಾಲ್ಕಕ್ಕೆ ಬಿತ್ತು. ಈ ಸಲ ಗಟ್ಟಿಯಾಗಿದೆ, ಹೆದರಬೇಡಿ."

ಸುಗಿನಾ ಲೋಟದ ಬದಲು ಆಕೆಯ ಕೈಮೇಲೆ ಕಷಾಯ ಸುರಿದಳು.

ಆಮೇಲೆ ಕೇಂದ್ರದ ಮೆಟ್ಟಿಲ ಮೇಲೆ ಕೂತು ಲೆಕ್ಕ ಹಾಕಿದಳಂತೆ. ತೊಂಬತ್ತಕ್ಕಿಂತ ಹೆಚ್ಚು ಬೆಳಗುಗಳು. ಪ್ರತಿ ಬೆಳಗೂ ತಾನೇ, ತನ್ನ ಕೈಯಾರೆ. ಯಾರನ್ನಾದರೂ ಕೇಳಬೇಕು, ಆದರೆ ಸುತ್ತ ಗಿರಾಕಿಗಳು. ಕೊನೆಗೆ ಸುತ್ತುಬಳಸಿ ನರ್ಸಮ್ಮನನ್ನೇ ಕೇಳಿದಳು:

"ನಮ್ಮ ಗಿರಾಕಿ ಒಬ್ಳು... ಗೊತ್ತಿಲ್ದೆ ಮೂರು ತಿಂಗಳು ಹಳದೀದು ಕುಡಿದಿದಾಳೆ. ಏನಾದ್ರೂ ಆಗತ್ತಾ?"

"ಒಳ್ಳೆ ಕಥೆ! ಕೊಡಬಾರ್ದು ಅಂತ ಊರಿಗೆಲ್ಲ ಬುದ್ಧಿ ಹೇಳೋರು ನೀವು, ನನ್ನ ಕೇಳ್ತೀರಲ್ಲ?" ಅಂತ ನರ್ಸಮ್ಮ ನಕ್ಕು ಒಳಗೆ ಹೋದಳು. ಪಾಪ, ಆಕೆ ಏನನ್ನೂ ಯೋಚಿಸಿ ಹೇಳಿದ್ದಲ್ಲ.

ಅದೇ ವಾರ ಗಂಡ ಹೆಂಡತಿ ಇಬ್ಬರೂ ತಾಯಿಯ ಮುಂದೆ ಕೂತು ಸುದ್ದಿ ಹೇಳಿದರು. ಗಟ್ಟಿಯಾಗುವ ತನಕ ಹೇಳಬಾರದು ಅಂತಿದ್ದೆವು, ಕ್ಷಮಿಸಮ್ಮ ಅಂದರು. ಸುಗಿನಾ ಸಂತೋಷಪಟ್ಟಳು, ಸೊಸೆಯ ತಲೆ ಸವರಿದಳು, "ಇನ್ನು ಹಳದಿ ಬೇಡ, ಅಕ್ಕೀದು ಮಾಡಿಕೊಡ್ತೀನಿ," ಅಂದಳು. ತಾನು ಮಾಡಿದ್ದೇನು ಅಂತ ಹೇಳಲು ನಾಲಿಗೆ ಏಳಲಿಲ್ಲ. ಹೇಳಿದರೆ ಹುಡುಗಿ ಹೆದರುತ್ತಾಳೆ, ಹೆದರಿಕೆಗೇ ಹೋದರೂ ಹೋದೀತು. ಹೇಳದಿದ್ದರೆ ಈ ಸಂಕಟವನ್ನು ತಾನೊಬ್ಬಳೇ ಹೊರಬೇಕು. ಅವಳು ಹೊತ್ತಳು.

ನನ್ನ ಹತ್ತಿರವೂ ಹೇಳಲಿಲ್ಲ. ನನ್ನ ಬಾಯಿಯ ಕೀರ್ತಿ ಅವಳಿಗೆ ಗೊತ್ತಿತ್ತಲ್ಲ. ಹೇಳಿದ್ದರೆ ಮುಂದಿನ ಮೂರು ತಿಂಗಳ ನರಕ ತಪ್ಪುತ್ತಿತ್ತು ಅಂತ ನೆನೆದಾಗ ಈಗಲೂ ನನ್ನ ಮೇಲೆ ನನಗೇ ಸಿಟ್ಟು ಬರುತ್ತದೆ.

ನನಗೆ ಕಂಡದ್ದು ಇಷ್ಟು. ಬುಟ್ಟಿಯಲ್ಲಿ ಎಂಟು ಶೀಸೆಯ ಜಾಗದಲ್ಲಿ ಏಳಾಯಿತು. ಹಳದಿ ಮಾಡುವುದನ್ನೇ ಬಿಟ್ಟಳು. ಹುಡುಗಿಯರು ಕೇಳಿದರೆ ಒಳ್ಳೆ ಅರಿಶಿನ ಸಿಗುತ್ತಿಲ್ಲ ಅನ್ನುವಳು, ಸಂತೆಯಲ್ಲಿ ಅರಿಶಿನ ರಾಶಿ ಬಿದ್ದಿತ್ತು. ಬಾವಿಕಟ್ಟೆಯಲ್ಲಿ ಕೂತು ಬೂದಿ, ತೆಂಗಿನ ನಾರು ಹಾಕಿ ಕೈ ಉಜ್ಜುವಳು. ಚರ್ಮ ಕಿತ್ತು ಬಂದರೂ ಬಿಡಳು.

"ಏನೇ ಇದು, ಕೈಯನ್ನೇ ತೊಳೆದು ಹಾಕಿಬಿಡ್ತೀಯಾ?" ಅಂದೆ.

"ಹೋಗ್ತಿಲ್ಲ ಕಣೇ, ಮಾರ್ನಿ. ಎಷ್ಟು ತಿಕ್ಕಿದ್ರೂ ಹೋಗ್ತಿಲ್ಲ," ಅಂದಳು. ಧ್ವನಿ ಅಳುವ ಹಾಗಿತ್ತು. ಮುಪ್ಪಿನ ಮರುಳು ಅಂದುಕೊಂಡೆ.

ಸೊಸೆ ಬಚ್ಚಲಿಗೆ ಹೋದರೆ ಇವಳು ಹೊರಗೆ ಬಕೆಟ್ಟು ಸರಿಮಾಡುವ ನೆಪದಲ್ಲಿ ನಿಲ್ಲುವಳು. ಒಗೆದ ಬಟ್ಟೆ ಹಗ್ಗಕ್ಕೆ ಬಿದ್ದ ಕೂಡಲೇ ಒಂದೊಂದನ್ನೂ ಬೆಳಕಿಗೆ ಹಿಡಿದು ಕಲೆ ಹುಡುಕುವಳು. ಸೊಸೆ ಸೊಂಟಕ್ಕೆ ಕೈಯಿಟ್ಟರೆ ಇವಳು ಮಾಡುತ್ತಿದ್ದ ಕೆಲಸ ಬಿಟ್ಟು ಎದ್ದು ನಿಲ್ಲುವಳು. ಐದನೇ ತಿಂಗಳಲ್ಲಿ ಒಂದು ಮಧ್ಯಾಹ್ನ ಪುರ್ವಂತಿ "ಅಮ್ಮಾ" ಅಂತ ಕೂಗಿದ್ದು ಕೇಳಿ, ಬೆನ್ನ ಮೇಲಿನ ಬುಟ್ಟಿಯನ್ನು ಓಣಿಯ ನಡುವೆಯೇ ಇಳಿಸಿ ಓಡಿದಳು. ನಲವತ್ತು ವರ್ಷದಲ್ಲಿ ಅವಳು ಬುಟ್ಟಿಯನ್ನು ನೆಲಕ್ಕೆ ಕುಕ್ಕಿದ್ದು ನಾನು ನೋಡಿದ್ದು ಅದೊಂದೇ ಸಲ. ಎರಡು ಶೀಸೆ ಒಡೆದವು. ಒಳಗೆ ನೋಡಿದರೆ ಹುಡುಗಿ ಹಲ್ಲಿಗೆ ಹೆದರಿ ಕೂಗಿದ್ದಳು. ಸುಗಿನಾ ಅಲ್ಲೇ ನೆಲದ ಮೇಲೆ ಕೂತು ಹಲ್ಲಿಯನ್ನು ಬಾಯಿಗೆ ಬಂದ ಹಾಗೆ ಬೈದಳು, ಬೈಯುತ್ತಾ ಬೈಯುತ್ತಾ ಅತ್ತಳು. ಪುರ್ವಂತಿ ನನ್ನ ಮುಖ ನೋಡಿದಳು. ಅತ್ತೆಗೆ ಇದೇನಾಗಿದೆ ಅಂತ ನಮಗಿಬ್ಬರಿಗೂ ತಿಳಿಯಲಿಲ್ಲ.

ತಿನ್ನುವುದೂ ಕಮ್ಮಿಯಾಯಿತು. ಮಗು ಊನವಾಗಿ ಹುಟ್ಟಿದರೆ? ಕೈಕಾಲು ಸರಿಯಿಲ್ಲದಿದ್ದರೆ? ಹುಟ್ಟಿ ಉಸಿರಾಡದಿದ್ದರೆ? ಇದೆಲ್ಲಕ್ಕಿಂತ ಆಳದಲ್ಲಿ ಇನ್ನೊಂದು ಮುಳ್ಳು ಮುರಿದುಕೊಂಡು ಕೂತಿತ್ತು. ಹೋದ ಆ ಎರಡು? ಆಗಲೂ ಬೆಳಗ್ಗೆ ಬೆಳಗ್ಗೆ ಹಳದಿ ಕೊಟ್ಟವಳು ತಾನೇ ಅಲ್ಲವೇ? ಅಷ್ಟು ದಿನ ಹೊಳೆಯದಿದ್ದದ್ದು ಈಗ ಹೊಳೆದಿತ್ತು. ಇದನ್ನೆಲ್ಲ ಅವಳು ನನಗೆ ಹೇಳಿದ್ದು ಎಷ್ಟೋ ಕಾಲದ ಮೇಲೆ.

ಏಳನೇ ತಿಂಗಳು ಬಂತು. ನಮ್ಮಲ್ಲಿ ಚೊಚ್ಚಲ ಬಸುರಿಗೆ ಏಳರಲ್ಲಿ ನೀರು ಹಾಕುತ್ತಾರೆ. ಏಳು ಬಾವಿಯ ನೀರು, ಅದರಲ್ಲಿ ಮಲ್ಲಿಗೆ, ಗುಲಾಬಿ, ಸಂಪಿಗೆಯ ಎಸಳು. ಮನೆಯ ಹಿರಿಯರು ಏಳು ಜನ ಒಬ್ಬರಾದ ಮೇಲೆ ಒಬ್ಬರು ತೆಂಗಿನ ಚಿಪ್ಪಿನಿಂದ ಹೊಟ್ಟೆಯ ಮೇಲೆ ನೀರು ಬಿಟ್ಟು ಹರಸಬೇಕು. ನಮ್ಮ ಹಿತ್ತಿಲು ಅವರ ಹಿತ್ತಿಲು ಎರಡರ ನಡುವೆ ಎದೆಯೆತ್ತರದ ಗೋಡೆ. ಅದರಾಚೆ ಅವರ ಬಾವಿಯ ಬಳಿ ಪುರ್ವಂತಿಯನ್ನು ಕೂರಿಸಿದರು, ಭುಜದ ಮೇಲೆ ಮಲ್ಲಿಗೆಯ ಜಾಲರಿ. ಕ್ಲಾತೆನ್‌ನಿಂದ ಅವಳ ತಾಯಿ, ಚಿಕ್ಕಮ್ಮಂದಿರು ಬಂದಿದ್ದರು. ಹೊರಗೆ ಹಣ್ಣಿನ ಕೋಸಂಬರಿ ಮಾರುವ ಆಟ ನಡೆದಿತ್ತು, ಹೆಂಚಿನ ಚೂರುಗಳನ್ನೇ ಕಾಸು ಅಂತ ಕೊಟ್ಟು ಎಲ್ಲರೂ ಕೊಳ್ಳುವ ಆಟ. ಕೋಸಂಬರಿ ಖಾರವಾಗಿದ್ದರೆ ಹೆಣ್ಣು ಮಗು ಅನ್ನುತ್ತಾರೆ. ಖಾರವೇ ಇತ್ತು. ಎಲ್ಲರೂ ನಗುತ್ತಿದ್ದರು.

ಗುನಾರ್ತೊನ ದೊಡ್ಡಪ್ಪ ನೀರು ಬಿಟ್ಟರು, ಅವರ ಹೆಂಡತಿ ಬಿಟ್ಟರು. ಮೂರನೆಯವಳು ಗಂಡನ ತಾಯಿ. ಕರೆದರೆ ಪತ್ತೆಯಿಲ್ಲ. ನಾನು ಹುಡುಕಿಕೊಂಡು ಹೋದೆ. ಅಡುಗೆಮನೆಯ ಮೂಲೆಯಲ್ಲಿ ಅನ್ನದ ಪಾತ್ರೆಯ ಹಿಂದೆ ಕೂತಿದ್ದಳು, ಎರಡೂ ಕೈಯನ್ನು ಕಂಕುಳಲ್ಲಿ ಅವುಚಿಕೊಂಡು.

"ಏಳೇ, ಎಲ್ಲರೂ ಕಾಯ್ತಿದಾರೆ."

"ನನ್ನ ಕೈ ಬೇಡ. ನನ್ನ ಬದಲು ನೀನೇ ಬಿಡು."

"ನಾನ್ಯಾವಳೇ ಬಿಡೋಕೆ? ಏನು ಹುಚ್ಚು ಹಿಡಿದಿದೆ ನಿಂಗೆ?"

ಅಷ್ಟರಲ್ಲಿ ಪುರ್ವಂತಿಯ ತಾಯಿ ಬಾಗಿಲಿಗೆ ಬಂದರು. ಕ್ಲಾತೆನ್ ಹೆಂಗಸರ ಮಾತು ಕೇಳಲು ಸಕ್ಕರೆ, ಒಳಗೆ ಮೆಣಸು. "ನಮ್ಮ ಹುಡುಗಿ ಎರಡು ಸಲ ಕಳ್ಕೊಂಡ್ಲು, ಒಪ್ಪಿದೆ. ಅದಕ್ಕೆ ಈಗ ಒಂದು ಚಿಪ್ಪು ನೀರು ಹಾಕೋಕೂ ತಮಗೆ ಮನಸ್ಸಿಲ್ಲ ಅಂದ್ರೆ, ಹೇಳಿಬಿಡಿ. ನಾವು ಕರ್ಕೊಂಡು ಹೋಗ್ತೀವಿ."

ಸುಗಿನಾ ಕೈಗಳನ್ನು ಕಂಕುಳಿಗೆ ಇನ್ನೂ ಬಿಗಿಯಾಗಿ ಒತ್ತಿಕೊಂಡಳು. ನೆಲ ನೋಡುತ್ತಾ ಕೂತಳು.

ಆಗ ಪುರ್ವಂತಿಯೇ ಎದ್ದು ಬಂದಳು. ಉಟ್ಟ ಒದ್ದೆ ಬಟ್ಟೆಯಿಂದ ನೀರು ಸೋರುತ್ತಿತ್ತು, ಎಸಳುಗಳು ಮೈಗೆ ಅಂಟಿಕೊಂಡಿದ್ದವು. ತಾಯಿಯನ್ನು ಹೊರಗೆ ಕಳಿಸಿ, ಭಾರದ ಹೊಟ್ಟೆ ಹಿಡಿದುಕೊಂಡು ಅತ್ತೆಯ ಮುಂದೆ ನೆಲದ ಮೇಲೆ ಕೂತಳು.

"ಅತ್ತೆ, ನಿಮಗೆ ಗೊತ್ತಾಗೋಯ್ತಲ್ವಾ?" ಅಂದಳು. "ಅದಕ್ಕೇ ತಾನೇ ಸಿಟ್ಟು? ತಪ್ಪಾಯ್ತು. ಹೇಳೋಕೆ ಧೈರ್ಯ ಬರ್ಲಿಲ್ಲ."

"ನಿಂದೇನು ತಪ್ಪು ಮಗಳೇ? ಮಾಡಿದ್ದೆಲ್ಲ ನಾನು. ದಿನಾ ಬೆಳಗ್ಗೆ, ಈ ಕೈಯಲ್ಲೇ..." ಸುಗಿನಾ ಕಂಕುಳಿಂದ ಕೈ ತೆಗೆದು ಮುಂದೆ ಚಾಚಿದಳು. ಉಜ್ಜಿ ಉಜ್ಜಿ ಕೆಂಪಾಗಿ ಬಿರಿದಿದ್ದ ಕೈ, ಉಗುರು ಮಾತ್ರ ಇನ್ನೂ ಹಳದಿ. "ಮೂರು ತಿಂಗಳು ನಿಂಗೆ ಅದನ್ನೇ ಕುಡಿಸಿದೆ. ಕೇಳ್ಬೇಕಿತ್ತು, ಕೇಳ್ಲಿಲ್ಲ. ಈ ಕೈಯಲ್ಲಿ ಹೆಂಗೆ ನೀರು ಬಿಡ್ಲಿ ಹೇಳು?"

ಬೂದಿ, ನಾರು, ಏಳು ಶೀಸೆ, ಹಲ್ಲಿ, ಎಲ್ಲ ಒಂದೇ ಸಲಕ್ಕೆ ನನಗೆ ಅರ್ಥವಾಯಿತು.

"ಅತ್ತೆ," ಅಂದಳು ಹುಡುಗಿ, "ನಾನು ಕುಡಿದೇ ಇಲ್ಲ."

"ಸುಮ್ನೆ ಸಮಾಧಾನಕ್ಕೆ ಹೇಳ್ಬೇಡ."

"ದೇವರಾಣೆ. ನೀವು ಅತ್ತ ಹೋದ ಮೇಲೆ ಲೋಟಾನ ಹಿತ್ತಲ ಗೋಡೆ ಮೇಲೆ ಇಡ್ತಿದ್ದೆ. ಮಾರ್ನಿ ಅಕ್ಕ ಕುಡೀತಿದ್ರು."

ಇದೇ ನನ್ನ ಪಾಲು. ಹೌದು, ಕುಡಿದವಳು ನಾನು. ಒಂದು ಬೆಳಗ್ಗೆ ಆ ಹುಡುಗಿ ಗೋಡೆಯಾಚೆ ನಿಂತು, "ಅಕ್ಕಾ, ನಂಗೆ ಇದು ಸೇರ್ತಿಲ್ಲ, ಚೆಲ್ಲಿದ್ರೆ ಮೋರಿ ಹಳದಿಯಾಗತ್ತೆ, ಅತ್ತೆಗೆ ಗೊತ್ತಾಗತ್ತೆ," ಅಂತ ಅಂಗಲಾಚಿದ್ದಳು. ಯಾರಿಗೂ ಹೇಳಬೇಡಿ ಅಂದಿದ್ದಳು. ಸುಗಿನಾಳ ಕಷಾಯವೆಂದರೆ ಊರೇ ಸಾಲು ನಿಲ್ಲುತ್ತದೆ, ನನಗೇನು ಕಹಿಯೇ? ದಿನಾ ಗಟಗಟ ಕುಡಿದು, ತೊಳೆದು, ಲೋಟ ವಾಪಸು ಇಡುತ್ತಿದ್ದೆ. ಆಮೇಲೆ ಅಕ್ಕಿಯದು ಬರಲು ಶುರುವಾದಾಗ ಅದನ್ನೂ ಕುಡಿದೆ. ಅದನ್ನಾದರೂ ಕುಡಿಯೇ, ಮಗುವಿಗೆ ಒಳ್ಳೇದು ಅಂದರೆ ಹುಡುಗಿ ಬೇಡವೆಂದು ತಲೆಯಾಡಿಸಿಬಿಟ್ಟಳು.

ಸುಗಿನಾ ನನ್ನ ಕಡೆ ತಿರುಗಿ ಬಹಳ ಹೊತ್ತು ನೋಡಿದಳು. ಆಮೇಲೆ ಮತ್ತೆ ಸೊಸೆಯ ಕಡೆ. ಕೇಳಲೋ ಬೇಡವೋ ಅನ್ನುವ ಹಾಗೆ ಮೆಲ್ಲಗೆ ಕೇಳಿದಳು.

"ಹಂಗಾದ್ರೆ... ಮೊದಲಿನ ಎರಡು ಸಲ?"

ಪುರ್ವಂತಿ ಹೊಟ್ಟೆಗೆ ಅಂಟಿದ್ದ ಒಂದು ಎಸಳನ್ನು ಕಿತ್ತು ತೆಗೆದಳು. ಬಟ್ಟೆಯಂಚಿನಿಂದ ನೀರು ನೆಲಕ್ಕೆ ತೊಟ್ಟಿಕ್ಕುತ್ತಿತ್ತು.

"ಆಗ್ಲೂ ಇಲ್ಲ ಅತ್ತೆ. ಮದುವೆಯಾದ ಮೂರನೇ ದಿನ ಒಂದು ಗುಟುಕು ಬಾಯಿಗಿಟ್ಟೆ, ವಾಂತಿ ಬಂತು. ಅವತ್ತಿಂದ ಒಂದು ತೊಟ್ಟೂ ನನ್ನ ಹೊಟ್ಟೆಗೆ ಹೋಗಿಲ್ಲ. ಎಲ್ಲಾ ಅಕ್ಕನೇ ಕುಡಿದಿರೋದು."

"ಹೌದೇನೇ, ಮಾರ್ನಿ?" ಸುಗಿನಾ ನನ್ನ ತೋಳು ಹಿಡಿದುಕೊಂಡಳು. "ನಾಲ್ಕು ವರ್ಷಾನೂ?"

ಹುಡುಗಿ ನನ್ನನ್ನೇ ನೋಡುತ್ತಿದ್ದಳು.

"ಹೌದಮ್ಮ, ನಾಲ್ಕು ವರ್ಷಾನೂ," ಅಂದೆ. "ನನ್ನ ಮುಖ ನೋಡಿದ್ರೆ ಗೊತ್ತಾಗಲ್ವಾ?"

"ಅಯ್ಯೋ ಹಾಳು ಮುಂಡೇದೇ!" ಸುಗಿನಾ ನನ್ನ ತೊಡೆಗೆ ಫಟಾರನೆ ಹೊಡೆದಳು. "ಅದಕ್ಕೇ ಮದುವಣಗಿತ್ತಿ ಹಂಗೆ ಹೊಳೀತಿದ್ಯಾ! ನಾನು ಒದ್ದಾಡಿ ಹಿಂಡಿದ್ದು, ಇವಳು ಪುಕ್ಕಟೆ ಕುಡಿದದ್ದು! ಇವಳಿಗೋ, ನನ್ನ ಕಷಾಯ ಅಂದ್ರೆ ವಾಂತಿಯಂತೆ! ನಲವತ್ತು ವರ್ಷ ಮಾರಿದೀನಿ, ಒಬ್ಬರೂ ಹಿಂಗಂದಿಲ್ಲ..." ಬೈಯುತ್ತಿದ್ದವಳು ಸೊಸೆಯ ಒದ್ದೆ ಹೊಟ್ಟೆಗೆ ಮುಖವಿಟ್ಟು ಹೋ ಅಂತ ಅತ್ತುಬಿಟ್ಟಳು. ಅಷ್ಟು ಅವಮಾನ ಮಾಡಿಸಿಕೊಂಡು ಅಷ್ಟು ಖುಷಿಪಟ್ಟವಳನ್ನು ನಾನು ಇನ್ನೊಬ್ಬಳನ್ನು ಕಂಡಿಲ್ಲ.

ಆಮೇಲೆ ಎದ್ದು, ಮುಖ ತೊಳೆದು ಹೊರಗೆ ಬಂದಳು. ಕ್ಲಾತೆನ್‌ನವರಿಗೆ ಹೊಗೆ ಕಣ್ಣಿಗೆ ಹೋಯಿತು ಅಂದಳು. ಚಿಪ್ಪು ತುಂಬ ನೀರು ತೆಗೆದುಕೊಂಡು ಸೊಸೆಯ ಹೊಟ್ಟೆಯ ಮೇಲೆ ನಿಧಾನಕ್ಕೆ ಬಿಟ್ಟಳು. ಎರಡು ತಿಂಗಳ ಮೇಲೆ ಹೆಣ್ಣು ಮಗು ಹುಟ್ಟಿತು, ಎಲ್ಲ ಬೆರಳೂ ಸರಿಯಿದ್ದವು, ಸುಗಿನಾ ಎರಡೆರಡು ಸಲ ಎಣಿಸಿದಳು.

ಈ ಕಥೆಯನ್ನು ಅವಳು ಸಾಯುವ ತನಕ ಗಿರಾಕಿಗಳಿಗೆ ತಮಾಷೆಯಾಗಿ ಹೇಳಿಕೊಂಡು ತಿರುಗಿದಳು. "ನನ್ನ ಸೊಸೆ ಮೊದಲ ದಿನದಿಂದಲೂ ಕಳ್ಳಿ, ಪಕ್ಕದ್ಮನೇವಳು ಅದಕ್ಕಿಂತ ಕಳ್ಳಿ," ಅನ್ನುವಳು. ಮತ್ತೆ ಎಂಟು ಶೀಸೆ ಹೊತ್ತಳು. ಹೆದರುವುದನ್ನೇನೂ ಬಿಡಲಿಲ್ಲ, ಒಲೆಯನ್ನು ಮೂರು ಸಲ ನೋಡುತ್ತಿದ್ದಳು, ಮೊಮ್ಮಗಳು ಶಾಲೆಯಿಂದ ಬರುವ ಹೊತ್ತಿಗೆ ನನ್ನ ಕಿಟಕಿಗೆ ಬರುತ್ತಿದ್ದಳು. ಆದರೆ ಕೈ ಉಜ್ಜುವುದನ್ನು ಬಿಟ್ಟಳು. ಮೈ ತೊಳೆದು ಬಿಳಿ ಬಟ್ಟೆ ಸುತ್ತುವಾಗಲೂ ಆ ಅಂಗೈ ಹಳದಿಯಾಗಿಯೇ ಇತ್ತು, ತೊಳೆದವರಲ್ಲಿ ನಾನೂ ಒಬ್ಬಳು.

ಈಗ ಅವಳಿಲ್ಲ, ಹೇಳಬಹುದು. ಆ ಲೋಟ ಮೊದಲ ಸಲ ನನ್ನ ಗೋಡೆಯ ಮೇಲೆ ಬಂದದ್ದು ಮದುವೆಯ ಮೂರನೇ ದಿನವಲ್ಲ. ಎರಡನೆಯ ಬಸಿರು ಹೋಗಿ, ಹನ್ನೊಂದು ದಿನ ಗೋಡೆ ನೋಡಿಕೊಂಡು ಮಲಗಿದ್ದ ಹುಡುಗಿ ಹನ್ನೆರಡನೆಯ ದಿನ ಎದ್ದು ಹಿತ್ತಿಲಿಗೆ ಬಂದಳಲ್ಲ, ಆ ಬೆಳಗ್ಗೆ. ಆ ಎರಡು ಬಸಿರು ಕಷಾಯದಿಂದಲೇ ಹೋದವೋ, ಸುಮ್ಮನೆ ಹೋದವೋ ನನಗೆ ಗೊತ್ತಿಲ್ಲ, ಯಾರಿಗೂ ಗೊತ್ತಿಲ್ಲ. ಪುರ್ವಂತಿಗೆ ಏನನ್ನಿಸಿತ್ತು ಅಂತ ನಾನು ಕೇಳಿಲ್ಲ, ಅವಳೂ ಹೇಳಿಲ್ಲ. ಅವಳು ಈಗಲೂ ಆ ಗೋಡೆಯಾಚೆಯೇ ಇದ್ದಾಳೆ, ದಿನಾ ಬೆಳಗ್ಗೆ ಮಾತಾಡುತ್ತೇವೆ, ಅದೊಂದನ್ನು ಬಿಟ್ಟು.